‘ಪವರ್ ಮಾತ್ರೆ’ ಕೇಳುವವರಲ್ಲಿ ಒಂದು ಅರಿಕೆ



ಮಲೆನಾಡಿನ ಒಂದು ಚಿಕ್ಕ ಪೇಟೆಯಲ್ಲಿ ಮೂವತ್ತೊಂದು ವರ್ಷದಿಂದ ಮೆಡಿಕಲ್ ಶಾಪ್ ಇಟ್ಟುಕೊಂಡಿರುವವನು ನಾನು. ಬೆಳಗ್ಗೆ ಬಾಗಿಲು ತೆಗೆದು ದೇವರ ಪಟಕ್ಕೆ ಊದುಬತ್ತಿ ಹಚ್ಚುವಷ್ಟರಲ್ಲಿ ಮೊದಲ ಗಿರಾಕಿ ಬಂದಿರುತ್ತಾರೆ. ‘ಅಣ್ಣಾ, ಜ್ವರಕ್ಕೆ ಒಂದು ಪವರ್ ಮಾತ್ರೆ ಕೊಡಿ.’ ಚೀಟಿ ಇದೆಯಾ ಎಂದರೆ, ‘ಚೀಟಿ ಎಂತಕ್ಕೆ, ಹೋದ ಸಲ ನೀವೇ ಕೊಟ್ಟಿದ್ರಲ್ಲ’ ಎನ್ನುತ್ತಾರೆ. ಹೌದು, ನಾನೇ ಕೊಟ್ಟಿದ್ದೆ. ಬಹಳ ವರ್ಷ, ಬಹಳ ಜನಕ್ಕೆ ಕೊಟ್ಟಿದ್ದೇನೆ. ಹೀಗಾಗಿ ಇದು ಉಪದೇಶವಲ್ಲ; ಅರ್ಧ ಮನವಿ, ಅರ್ಧ ತಪ್ಪೊಪ್ಪಿಗೆ.

ನಮ್ಮ ಜನ ‘ಪವರ್ ಮಾತ್ರೆ’ ಎನ್ನುವ ಆಂಟಿಬಯೋಟಿಕ್ಕನ್ನು ತೋಟದ ಪಂಪ್‌ಸೆಟ್ಟಿನಂತೆ ಅಳೆಯುತ್ತಾರೆ. ಎಷ್ಟು ಎಚ್‌ಪಿ? ಇನ್ನೂರೈವತ್ತಕ್ಕಿಂತ ಐನೂರು ಮೇಲು, ಮಾತ್ರೆಗಿಂತ ಇಂಜೆಕ್ಷನ್ ಮೇಲು, ಐದು ರೂಪಾಯಿಯದಕ್ಕಿಂತ ಐವತ್ತು ರೂಪಾಯಿಯದು ಮೇಲು. ನಾನೂ ಒಂದು ಕಾಲಕ್ಕೆ ಹಾಗೆಯೇ ಎಣಿಸಿದ್ದೆ. ಆ ಎಣಿಕೆ ತಪ್ಪೆಂದು ಮುಖಕ್ಕೆ ಹೊಡೆದ ಹಾಗೆ ತಿಳಿದದ್ದು ಒಬ್ಬ ಕೊನೆಗೌಡನಿಂದ.

ಏಳೆಂಟು ವರ್ಷದ ಹಿಂದೆ, ಅಡಿಕೆ ಕೊಯ್ಲಿನ ದಿನಗಳು. ಮರ ಹತ್ತಿ ಕೊನೆ ಇಳಿಸುವ ಆಳು ಜ್ವರ, ತಲೆನೋವು ಎಂದು ಬಂದ. ಚೀಟಿ ಕೇಳದೆ ಸೆಫಿಕ್ಸಿಮ್ ಕೊಟ್ಟೆ. ಒಳ್ಳೆಯ ಮಾತ್ರೆ, ದುಬಾರಿ ಮಾತ್ರೆ. ಐದು ದಿನ ನುಂಗಿದರೂ ಜ್ವರ ಜಗ್ಗಲಿಲ್ಲ. ಆರನೆಯ ದಿನ ಅವನ ಮಗ ಬಂದು ‘ಇನ್ನೂ ಪವರಿನದು ಕೊಡಿ’ ಅಂದಾಗ ನನಗೆ ಹೆದರಿಕೆಯಾಗಿ ತಾಲ್ಲೂಕು ಆಸ್ಪತ್ರೆಗೆ ಕಳಿಸಿದೆ. ಅಲ್ಲಿನ ಡಾಕ್ಟ್ರಮ್ಮ ಮೈಯೆಲ್ಲ ಹುಡುಕಿ, ತೊಡೆಸಂದಿಯ ಹತ್ತಿರ ಬೀಡಿಯಲ್ಲಿ ಸುಟ್ಟಂಥ ಒಂದು ಕಪ್ಪು ಹಕ್ಕಳೆ ಕಂಡರು. ಸ್ಕ್ರಬ್ ಟೈಫಸ್. ಪೊದೆ, ಹುಲ್ಲಿನಲ್ಲಿರುವ ಕಣ್ಣಿಗೆ ಬೀಳದಷ್ಟು ಸಣ್ಣ ಹುಳದ ಮರಿ ಕಚ್ಚಿ ಬರುವ ಜ್ವರ. ಡಾಕ್ಸಿಸೈಕ್ಲಿನ್ ಬರೆದರು. ಎರಡೇ ದಿನಕ್ಕೆ ಜ್ವರ ಬಿಟ್ಟಿತು. ಅದರ ಒಟ್ಟು ಖರ್ಚು ನಾನು ಮಾರಿದ ಸೆಫಿಕ್ಸಿಮ್‌ನ ಅರ್ಧವೂ ಆಗಿರಲಿಲ್ಲ.

ಅಂದು ರಾತ್ರಿ ಡಿ.ಫಾರ್ಮ ಓದುವಾಗಿನ ಹಳೇ ಪುಸ್ತಕ ಅಟ್ಟದಿಂದ ಇಳಿಸಿ ಕೂತೆ. ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದ ವಿಷಯ ಎಷ್ಟೋ ವರ್ಷದ ಮೇಲೆ ಅರ್ಥವಾಯಿತು. ಆಂಟಿಬಯೋಟಿಕ್‌ಗೆ ಇರುವುದು ಪವರ್ ಅಲ್ಲ, ಜಾಗ. ಬ್ಯಾಕ್ಟೀರಿಯಾದ ಒಡಲಿನಲ್ಲಿ ಅದು ಎಲ್ಲಿಗೆ ಹೋಗಿ ಹೊಡೆಯುತ್ತದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಅದನ್ನು ನಿಮಗೂ ಹೇಳಬೇಕು ಅನಿಸಿದ್ದಕ್ಕೆ ಈ ಬರಹ.

ಬ್ಯಾಕ್ಟೀರಿಯಾ ಎಂಬುದು ಒಂದೇ ಕೋಶದ ಜೀವಿ. ಅದಕ್ಕೆ ಹೊರಗೊಂದು ಗಟ್ಟಿ ಗೋಡೆ ಇದೆ. ನಮ್ಮ ಜೀವಕೋಶಗಳಿಗೆ ಆ ಗೋಡೆ ಇಲ್ಲ. ಪೆನಿಸಿಲಿನ್ ಮನೆತನದ ಔಷಧಗಳು ಹೊಡೆಯುವುದು ಈ ಗೋಡೆ ಕಟ್ಟುವ ಕೆಲಸಕ್ಕೆ. 1928ರಲ್ಲಿ ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಬೂಷ್ಟಿನ ಸುತ್ತ ಬ್ಯಾಕ್ಟೀರಿಯಾ ಸತ್ತದ್ದನ್ನು ಕಂಡ ಕಥೆ ನಿಮ್ಮ ಮಕ್ಕಳ ಪಠ್ಯದಲ್ಲೂ ಇದೆ. ನಾವು ಮಾರುವ ಅಮಾಕ್ಸಿಸಿಲಿನ್ ಅದರ ಸಂತಾನ. ಸೆಫಿಕ್ಸಿಮ್, ಸೆಫ್ಟ್ರಿಯಾಕ್ಸೋನ್ ಮೊದಲಾದ ‘ಸೆಫ್’ ಹೆಸರಿನವೆಲ್ಲ ಅದರ ದಾಯಾದಿಗಳು. ಅವುಗಳ ಮೂಲ ಸಿಕ್ಕಿದ್ದು ಇಟಲಿಯ ಸಾರ್ಡೀನಿಯಾ ದ್ವೀಪದ ಚರಂಡಿ ನೀರು ಸಮುದ್ರ ಸೇರುವ ಜಾಗದಲ್ಲಿ, 1945ರಲ್ಲಿ. ಕೊಳಚೆಯಲ್ಲಿ ಹುಟ್ಟಿದ್ದು ಆಸ್ಪತ್ರೆಯ ಐಸಿಯು ಸೇರಿದೆ.

ಬ್ಯಾಕ್ಟೀರಿಯಾ ಬೆಳೆಯುವಾಗ ಗೋಡೆಯ ಎಳೆಗಳನ್ನು ಅಡ್ಡಡ್ಡ ಹೆಣೆದು ಬಿಗಿಯಬೇಕು. ಪೆನಿಸಿಲಿನ್ ಆ ಹೆಣೆಯುವ ಕಿಣ್ವದ ಕೈ ಕಟ್ಟಿಹಾಕುತ್ತದೆ. ನಮ್ಮ ಕಡೆ ಮಳೆಗಾಲಕ್ಕೆ ಮುಂಚೆ ಮಣ್ಣಿನ ಗೋಡೆಗೆ ಸೋಗೆ ಕಟ್ಟದೆ ಬಿಟ್ಟರೆ ಏನಾಗುತ್ತದೋ ಅದೇ ಆಗುತ್ತದೆ: ಹೊರಗಿನ ನೀರು ಒಳಗೆ ನುಗ್ಗಿ ಬ್ಯಾಕ್ಟೀರಿಯಾ ಉಬ್ಬಿ ಒಡೆಯುತ್ತದೆ. ಇದಕ್ಕೆ ಔಷಧ ರಕ್ತದಲ್ಲಿ ಸದಾ ಇರಬೇಕು. ಅಮಾಕ್ಸಿಸಿಲಿನ್ ಅನ್ನು ಎಂಟು ಗಂಟೆಗೊಮ್ಮೆ ಎಂದು ಬರೆದಿದ್ದರೆ ಅದು ಊಟದ ಲೆಕ್ಕವಲ್ಲ, ಗಡಿಯಾರದ ಲೆಕ್ಕ. ಮಧ್ಯೆ ಬಿಟ್ಟರೆ ಗೋಡೆ ಕೆಲಸ ಮತ್ತೆ ಶುರು. ಗಂಟಲಲ್ಲಿ ಕೀವು, ಕಿವಿ ಸೋರುವುದು, ಕೆಲವು ಬಗೆಯ ನ್ಯುಮೋನಿಯಾ, ಹಲ್ಲಿನ ಬಾವು ಇವಕ್ಕೆ ಈ ಮನೆತನ ಇಂದಿಗೂ ಚೆನ್ನ. ಕೆಲವರಿಗೆ ಪೆನಿಸಿಲಿನ್ ಒಗ್ಗುವುದಿಲ್ಲ. ಒಮ್ಮೆ ಮೈಯೆಲ್ಲ ದದ್ದು ಎದ್ದಿದ್ದರೆ, ಮುಖ ಊದಿದ್ದರೆ ಅದನ್ನು ಆಧಾರ್ ಕಾರ್ಡಿನ ಜೊತೆಗೇ ಬರೆದಿಟ್ಟುಕೊಳ್ಳಿ. ಮುಂದಿನ ಸಲ ಜೀವಕ್ಕೇ ಬರಬಹುದು.

ಕೊನೆಗೌಡನಿಗೆ ಸೆಫಿಕ್ಸಿಮ್ ಏಕೆ ನಾಟಲಿಲ್ಲ? ಸ್ಕ್ರಬ್ ಟೈಫಸ್ ತರುವ ಬ್ಯಾಕ್ಟೀರಿಯಾ ನಮ್ಮ ಜೀವಕೋಶದ ಒಳಗೇ ಹೊಕ್ಕು ಬಾಳುತ್ತದೆ, ಅದರ ಗೋಡೆಯೂ ಹೆಸರಿಗಷ್ಟೇ. ಗೋಡೆಯೇ ಇಲ್ಲದವನ ಮನೆಗೆ ಗೋಡೆ ಕೆಡವುವವನನ್ನು ಕಳಿಸಿದ್ದೆ ನಾನು.

ಡಾಕ್ಸಿಸೈಕ್ಲಿನ್ ಬೇರೆ ದಾರಿ ಹಿಡಿಯುತ್ತದೆ. ಬ್ಯಾಕ್ಟೀರಿಯಾಕ್ಕೆ ಪ್ರೋಟೀನ್ ತಯಾರಿಸುವ ರೈಬೋಸೋಮ್ ಎಂಬ ಕಾರ್ಖಾನೆ ಇದೆ. ನಮ್ಮಲ್ಲೂ ಇದೆ, ಆದರೆ ಅಚ್ಚು ಬೇರೆ. ಡಾಕ್ಸಿ ಕೋಶದೊಳಕ್ಕೆ ಇಳಿದು ಆ ಕಾರ್ಖಾನೆಗೆ ಕಚ್ಚಾ ಸಾಮಾನು ಬರುವ ಬಾಗಿಲಿಗೇ ಅಡ್ಡ ನಿಲ್ಲುತ್ತದೆ. ಪ್ರೋಟೀನ್ ಇಲ್ಲದೆ ಬ್ಯಾಕ್ಟೀರಿಯಾ ಬೆಳೆಯುವುದು ನಿಲ್ಲುತ್ತದೆ. ಉಳಿದದ್ದನ್ನು ನಮ್ಮ ರಕ್ತದ ಬಿಳಿಕಣಗಳು ನೋಡಿಕೊಳ್ಳುತ್ತವೆ. ಗದ್ದೆಯ ಕೆಸರಲ್ಲಿ ಬರಿಗಾಲಲ್ಲಿ ನಿಂತವರಿಗೆ ಬರುವ ಇಲಿಜ್ವರಕ್ಕೂ ಡಾಕ್ಟರು ಇದನ್ನು ಬರೆಯುವುದುಂಟು. ಈ ಟೆಟ್ರಾಸೈಕ್ಲಿನ್ ವಂಶದ ಮೊದಲ ಔಷಧ ಆರಿಯೋಮೈಸಿನ್ 1948ರಲ್ಲಿ ಅಮೆರಿಕದ ಲೆಡರ್ಲೆ ಪ್ರಯೋಗಾಲಯದಿಂದ ಹೊರಬಂತು. ಆಗ ಅಲ್ಲಿ ಸಂಶೋಧನೆಯ ಮುಖ್ಯಸ್ಥರಾಗಿದ್ದವರು ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಅದೇ ವರ್ಷ ಅವರು ತೀರಿಕೊಂಡರು. ಅವರ ಹೆಸರು ನಮ್ಮ ಅಂಗಡಿಗಳಲ್ಲಿ ಒಂದು ಕ್ಯಾಲೆಂಡರಿನಲ್ಲೂ ಕಾಣುವುದಿಲ್ಲ.

ಡಾಕ್ಸಿ ಅಗ್ಗ ಎಂದು ಅದನ್ನೂ ಸುಮ್ಮನೆ ನುಂಗುವಂತಿಲ್ಲ. ಹಾಲು, ಕಬ್ಬಿಣದ ಮಾತ್ರೆ, ಗ್ಯಾಸಿನ ಔಷಧದ ಜೊತೆ ತೆಗೆದುಕೊಂಡರೆ ಹೊಟ್ಟೆಯಲ್ಲೇ ಕಟ್ಟಿಕೊಂಡು ರಕ್ತಕ್ಕೆ ಸೇರುವುದು ಕಡಿಮೆ. ಗುಟುಕು ನೀರಲ್ಲಿ ನುಂಗಿ ಹಾಗೇ ಮಲಗಿದರೆ ಅನ್ನನಾಳ ಸುಡುತ್ತದೆ. ಗರ್ಭಿಣಿಯರಿಗೆ, ಚಿಕ್ಕ ಮಕ್ಕಳಿಗೆ ಕೊಡಬೇಕೋ ಬೇಡವೋ ಎಂಬುದು ಪೂರ್ತಿ ಡಾಕ್ಟರ ವಿವೇಚನೆ.

ಇಲ್ಲಿ ಇನ್ನೊಂದು ಮಾತು ಹೇಳದೆ ಮುಂದೆ ಹೋಗಲಾರೆ. ಕಾಡಿನಲ್ಲಿ ದರಕು ಗುಡಿಸುವಾಗ ಕಚ್ಚಿದ್ದು ಆ ಹುಳದ ಮರಿಯಲ್ಲದೆ ಉಣುಗು ಆಗಿದ್ದರೆ, ಬರುವುದು ಮಂಗನ ಕಾಯಿಲೆಯೂ ಆಗಿರಬಹುದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತು ಸಿಕ್ಕ ಈ ರೋಗ 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನ ಸುತ್ತ ಜನರ ಜೀವ ತೆಗೆದದ್ದು ನಿಮಗೆ ನೆನಪಿರಬಹುದು. ಇದನ್ನು ತರುವುದು ವೈರಸ್. ವೈರಸ್ಸಿಗೆ ಗೋಡೆಯಿಲ್ಲ, ಸ್ವಂತ ಕಾರ್ಖಾನೆಯಿಲ್ಲ; ಅದು ನಮ್ಮ ಕೋಶದ ಕಾರ್ಖಾನೆಯನ್ನೇ ಬಳಸುತ್ತದೆ. ಪ್ರಪಂಚದ ಯಾವ ಆಂಟಿಬಯೋಟಿಕ್ಕಿಗೂ ಅಲ್ಲಿ ಹೊಡೆಯಲು ಜಾಗವಿಲ್ಲ. ಒಂದು ಕಡಿತಕ್ಕೆ ಅಗ್ಗದ ಮಾತ್ರೆಯಲ್ಲಿ ಗುಣ, ಇನ್ನೊಂದು ಕಡಿತಕ್ಕೆ ಯಾವ ಮಾತ್ರೆಯೂ ಇಲ್ಲ. ಮೊದಲೆರಡು ದಿನ ಎರಡೂ ಜ್ವರ, ಎರಡೂ ತಲೆನೋವು. ಕೌಂಟರಿನ ಹಿಂದೆ ನಿಂತು ನಾನು ಇವೆರಡನ್ನು ಹೇಗೆ ಬೇರೆ ಮಾಡಲಿ? ಮಾಡಲಾರೆ. ರಕ್ತಪರೀಕ್ಷೆ ಬೇಕು, ಡಾಕ್ಟರು ಬೇಕು. ಡೆಂಗಿ, ಚಿಕೂನ್‌ಗುನ್ಯಾ, ಮೂಗು ಸೋರುವ ಮಾಮೂಲಿ ನೆಗಡಿ ಎಲ್ಲವೂ ವೈರಸ್ಸಿನವೇ.

ಅಜಿತ್ರೋಮೈಸಿನ್ ಕೂಡ ರೈಬೋಸೋಮಿಗೇ ಹೋಗುತ್ತದೆ, ಆದರೆ ಅದರ ಇನ್ನೊಂದು ಭಾಗಕ್ಕೆ. 1980ರಲ್ಲಿ ಆಗಿನ ಯುಗೋಸ್ಲಾವಿಯಾದ ಜಾಗ್ರೆಬ್ ನಗರದಲ್ಲಿ ಸಿದ್ಧವಾದ ಔಷಧ ಅದು. ಅಂಗಾಂಶಗಳಲ್ಲಿ ಹಲವು ದಿನ ಉಳಿಯುತ್ತದೆ, ಆದ್ದರಿಂದ ಎಷ್ಟೋ ಸೋಂಕಿಗೆ ಮೂರು ದಿನದ ಕೋರ್ಸ್ ಸಾಕಾಗುತ್ತದೆ. ಆ ಮೂರು ದಿನದ ಸುಖವೇ ಅದಕ್ಕೆ ಮುಳುವಾಯಿತು. ಕೋವಿಡ್ ಕಾಲದಲ್ಲಿ ನನ್ನ ಅಂಗಡಿಯಿಂದ ಅದು ಹುರಿಗಡಲೆಯಂತೆ ಹೋಯಿತು. ಕೋವಿಡ್ ವೈರಸ್ಸು ಎಂದು ಮೂರನೇ ಕ್ಲಾಸಿನ ಮಕ್ಕಳಿಗೂ ಗೊತ್ತಿತ್ತು. ಆಸ್ಪತ್ರೆ ಸೇರಿದ ಕೋವಿಡ್ ರೋಗಿಗಳಿಗೆ ಇದರಿಂದ ಲಾಭವಿಲ್ಲ ಎಂದು ಬ್ರಿಟನ್ನಿನ ‘ರಿಕವರಿ’ ಪ್ರಯೋಗ 2020ರ ಡಿಸೆಂಬರಿನಲ್ಲೇ ಹೇಳಿತು. 2021ರ ಏಪ್ರಿಲ್, ಮೇ ತಿಂಗಳಲ್ಲೂ ನಾನು ಮಾರುತ್ತಲೇ ಇದ್ದೆ, ನೀವು ಕೊಳ್ಳುತ್ತಲೇ ಇದ್ದಿರಿ.

ಅದು ಏಕೆ ದುಃಖದ ಸಂಗತಿಯೆಂದರೆ, ಇವತ್ತು ಟೈಫಾಯ್ಡಿಗೆ ಬಾಯಿಯಲ್ಲಿ ನುಂಗಿ ಗುಣವಾಗುವ ನೆಚ್ಚಿನ ಔಷಧಗಳಲ್ಲಿ ಅಜಿತ್ರೋಮೈಸಿನ್ ಒಂದು. ಟೈಫಾಯ್ಡಿನ ಕಥೆ ಕೇಳಿ. ಔಷಧ ಕಳೆದುಕೊಳ್ಳುವುದು ಎಂದರೇನು ಎಂದು ಅದಕ್ಕಿಂತ ಚೆನ್ನಾಗಿ ಯಾವುದೂ ಹೇಳುವುದಿಲ್ಲ. 1948ರಲ್ಲಿ ಕ್ಲೋರಾಂಫೆನಿಕಾಲ್ ಬಂದಾಗ ವಾರಗಟ್ಟಲೆ ಮಲಗಿಸಿ ಕೊಲ್ಲುತ್ತಿದ್ದ ಜ್ವರ ಕೆಲವೇ ದಿನದಲ್ಲಿ ಇಳಿಯತೊಡಗಿತು. ಆಮೇಲೆ ಆಂಪಿಸಿಲಿನ್, ಕೋಟ್ರೈಮಾಕ್ಸಜೋಲ್ ಸೇರಿದವು. 1990ರ ಹೊತ್ತಿಗೆ ಈ ಮೂರಕ್ಕೂ ಬಗ್ಗದ ಟೈಫಾಯ್ಡ್ ನಮ್ಮ ದೇಶದಲ್ಲಿ ಹರಡಿತು. ಆಗ ಸಿಪ್ರೊಫ್ಲಾಕ್ಸಸಿನ್ ಬಂದು ಕಾಪಾಡಿತು. ನಾನು ಅಂಗಡಿ ತೆರೆದದ್ದು ಅದರ ಕಾಲದಲ್ಲೇ. ಹತ್ತು ಹದಿನೈದು ವರ್ಷದಲ್ಲಿ ಅದೂ ಟೈಫಾಯ್ಡಿಗೆ ನಂಬುವಂತಿಲ್ಲದಾಯಿತು. ಈಗ ಉಳಿದಿರುವುದು ಹೆಚ್ಚಾಗಿ ಸೆಫ್ಟ್ರಿಯಾಕ್ಸೋನ್, ಅಜಿತ್ರೋಮೈಸಿನ್. 2016ರಿಂದ ಪಾಕಿಸ್ತಾನದ ಸಿಂಧ್ ಪ್ರಾಂತ್ಯದಲ್ಲಿ ಹರಡಿದ ಟೈಫಾಯ್ಡ್ ಸೆಫ್ಟ್ರಿಯಾಕ್ಸೋನಿಗೂ ಬಗ್ಗಲಿಲ್ಲ. ಒಂದು ಸಮಾಧಾನದ ಸುದ್ದಿಯೂ ಇದೆ: ಬಳಕೆ ತಪ್ಪಿದ ಮೇಲೆ ಹಳೇ ಕ್ಲೋರಾಂಫೆನಿಕಾಲ್, ಕೋಟ್ರೈಮಾಕ್ಸಜೋಲ್‌ಗಳಿಗೆ ಭಾರತದ ಟೈಫಾಯ್ಡ್ ಬ್ಯಾಕ್ಟೀರಿಯಾ ಎಷ್ಟೋ ಕಡೆ ಮತ್ತೆ ಬಗ್ಗತೊಡಗಿದೆ. ನಾವು ಕೈ ತಡೆದರೆ ಅವೂ ಮರೆಯುತ್ತವೆ.

ಸಿಪ್ರೊಫ್ಲಾಕ್ಸಸಿನ್, ಆಫ್ಲಾಕ್ಸಸಿನ್, ಲಿವೊಫ್ಲಾಕ್ಸಸಿನ್ ಒಂದೇ ಕುಲ. ಇವು ಹೋಗುವುದು ಬ್ಯಾಕ್ಟೀರಿಯಾದ ಡಿಎನ್‌ಎ ಹತ್ತಿರಕ್ಕೆ. ಹಗ್ಗ ಹೊಸೆಯುವಾಗ ಹುರಿ ಜಾಸ್ತಿಯಾದರೆ ಗಂಟು ಬೀಳುತ್ತದಲ್ಲ, ಡಿಎನ್‌ಎ ನಕಲಾಗುವಾಗಲೂ ಹಾಗೆಯೇ. ಆ ಹುರಿ ಬಿಚ್ಚಲು ಬ್ಯಾಕ್ಟೀರಿಯಾದಲ್ಲಿ ಒಂದು ಕಿಣ್ವವಿದೆ. ಈ ಔಷಧ ಅದನ್ನು ಹಿಡಿದು ನಿಲ್ಲಿಸಿದರೆ ಡಿಎನ್‌ಎ ಕತ್ತರಿಸಿಹೋಗುತ್ತದೆ. ಒಳ್ಳೆಯ ಔಷಧ, ಆದರೆ ಕೆಲವರಿಗೆ ಸ್ನಾಯುರಜ್ಜು ಹರಿಯುವಷ್ಟು ತೊಂದರೆ ಕೊಡುತ್ತದೆ, ವಯಸ್ಸಾದವರಿಗೆ ಹೆಚ್ಚು. ಇನ್ನೊಂದು ಅಪಾಯ ನನ್ನ ಕಣ್ಣಾರೆ ಕಂಡದ್ದು. ತಿಂಗಳಿಂದ ಕೆಮ್ಮುವವರು ಲಿವೊಫ್ಲಾಕ್ಸಸಿನ್ ನುಂಗಿದರೆ ಒಳಗಿರುವ ಕ್ಷಯ ತುಸು ಅಡಗಿ, ಪರೀಕ್ಷೆಯ ಕಣ್ಣು ತಪ್ಪಿಸಿ, ಆಮೇಲೆ ಇನ್ನೂ ಕೆಟ್ಟದಾಗಿ ಏಳುತ್ತದೆ. ಎರಡು ವಾರ ದಾಟಿದ ಕೆಮ್ಮಿಗೆ ನನ್ನ ಅಂಗಡಿಗೆ ಬರಬೇಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಕಫದ ಪರೀಕ್ಷೆಗೂ ದುಡ್ಡಿಲ್ಲ, ಕ್ಷಯದ ಮಾತ್ರೆಗೂ ದುಡ್ಡಿಲ್ಲ.

ಭೇದಿ ಎಂದರೆ ಸಾಕು, ಆಫ್ಲಾಕ್ಸಸಿನ್ ಜೊತೆ ಆರ್ನಿಡಜೋಲ್ ಸೇರಿದ ಮಾತ್ರೆ ಕೇಳುವುದು ನಮ್ಮಲ್ಲಿ ಮದುವೆ ಮನೆಯ ಮಾರನೇ ದಿನದ ಸಂಪ್ರದಾಯ. ಮೆಟ್ರೊನಿಡಜೋಲ್, ಆರ್ನಿಡಜೋಲ್ ಕೆಲಸ ಮಾಡುವುದು ಆಮ್ಲಜನಕ ಇಲ್ಲದ ಕಡೆ ಬೆಳೆಯುವ ರೋಗಾಣುಗಳ ಮೇಲೆ, ಅಮೀಬಾದ ಮೇಲೆ. ಹೋಳಿಗೆ ಹೆಚ್ಚಾಗಿ ಕೆಟ್ಟ ಹೊಟ್ಟೆಯಲ್ಲಿ ಅಮೀಬಾ ಹುಡುಕಬೇಡಿ. ಬಹುಪಾಲು ಭೇದಿಗೆ ಬೇಕಾದದ್ದು ಓಆರ್‌ಎಸ್ ಪೊಟ್ಟಣ, ಗಂಜಿ, ಒಂದೆರಡು ದಿನ. ರಕ್ತ ಬಿದ್ದರೆ, ಜ್ವರ ಬಂದರೆ, ಮಗುವಿನ ಕಣ್ಣು ಒಳಕ್ಕೆ ಹೋದರೆ ಮಾತ್ರ ಅಂಗಡಿ ದಾಟಿ ಆಸ್ಪತ್ರೆಗೆ ಓಡಿ.

ಬಳಕೆಗೆ ಬಂದ ಲೆಕ್ಕದಲ್ಲಿ ಸಲ್ಫಾ ಔಷಧಗಳು ಇವೆಲ್ಲಕ್ಕಿಂತ ಹಿರಿಯರು. ನಮಗೆ ಫೋಲಿಕ್ ಆಮ್ಲ ಸೊಪ್ಪು, ಕಾಳಿನಿಂದ ಬರುತ್ತದೆ. ಬ್ಯಾಕ್ಟೀರಿಯಾ ಅದನ್ನು ತಾನೇ ಅಡುಗೆ ಮಾಡಿಕೊಳ್ಳಬೇಕು. ಸಲ್ಫಾ ಆ ಒಲೆಗೆ ನೀರು ಹಾಕುತ್ತದೆ. ಜರ್ಮನಿಯ ಗೆರ್ಹಾರ್ಡ್ ಡೊಮಾಕ್ 1930ರ ದಶಕದಲ್ಲಿ ಇದರ ಗುಣ ಕಂಡು, ಸೂಜಿ ಚುಚ್ಚಿ ಕೈ ಕೀವಾಗಿದ್ದ ಸ್ವಂತ ಮಗಳಿಗೇ ಕೊಟ್ಟು ಉಳಿಸಿಕೊಂಡ. ಇನ್ನು ಜೆಂಟಮೈಸಿನ್, ಅಮಿಕಾಸಿನ್ ಎಂಬ ಇಂಜೆಕ್ಷನ್‌ಗಳ ಸುದ್ದಿ ಬೇಡ. ಕಿವಿ, ಕಿಡ್ನಿ ಕೆಡಿಸಬಲ್ಲ ಅವನ್ನು ಆಸ್ಪತ್ರೆಯಲ್ಲಿ ಅಳೆದು ಕೊಡುತ್ತಾರೆ, ಅಲ್ಲೇ ಇರಲಿ.

ಬ್ಯಾಕ್ಟೀರಿಯಾ ಸುಮ್ಮನೆ ಕೂರುವುದಿಲ್ಲ. ಕೆಲವು ಪೆನಿಸಿಲಿನ್ನನ್ನು ಕತ್ತರಿಸುವ ಕಿಣ್ವ ಮಾಡಿಕೊಳ್ಳುತ್ತವೆ. ಅಮಾಕ್ಸಿಸಿಲಿನ್ ಜೊತೆ ಕ್ಲಾವುಲಾನಿಕ್ ಆಮ್ಲ ಸೇರಿಸುವುದು ಆ ಕತ್ತರಿಗೆ ಅಡ್ಡ ಕಡ್ಡಿ ಇಡಲಿಕ್ಕೆ. ಕೆಲವು ಒಳಬಂದ ಔಷಧವನ್ನು ಹೊರಕ್ಕೆ ಎತ್ತಿಹಾಕುತ್ತವೆ. ಕಲಿತ ವಿದ್ಯೆಯನ್ನು ಪಕ್ಕದ ಬೇರೆ ಜಾತಿಯ ಬ್ಯಾಕ್ಟೀರಿಯಾಕ್ಕೂ ಜೀನ್ ರೂಪದಲ್ಲಿ ದಾಟಿಸುತ್ತವೆ. ನೀವು ನೆಗಡಿಗೆ ನುಂಗಿದ ಮಾತ್ರೆ ನಿಮ್ಮ ಕರುಳಿನ ನಿರುಪದ್ರವಿ ಬ್ಯಾಕ್ಟೀರಿಯಾಕ್ಕೆ ಪಾಠ ಹೇಳಿ, ಅದು ನಾಳೆ ನಿಮ್ಮ ತಾಯಿಯ ಮೂತ್ರದ ಸೋಂಕಿಗೆ ಹೇಳಿಕೊಡಬಹುದು. ಐಸಿಯುಗಳಲ್ಲಿ ಬಳಸುವ ಮೆರೊಪೆನೆಮ್ ಜಾತಿಯ ಔಷಧವನ್ನೂ ಕತ್ತರಿಸುವ ಕಿಣ್ವವೊಂದಕ್ಕೆ ನಮ್ಮ ರಾಜಧಾನಿಯ ಹೆಸರೇ ಅಂಟಿದೆ: ಎನ್‌ಡಿಎಂ, ನ್ಯೂಡೆಲ್ಲಿ ಎಂಬುದೇ ಅದರ ಮೊದಲ ಪದ. ಹೆಸರಿನ ಮೇಲೆ ಆಗ ದೊಡ್ಡ ಗಲಾಟೆಯಾಯಿತು. ಮರ್ಯಾದೆ ಹೋದ ಸಿಟ್ಟಿನ ಕಾಲು ಭಾಗ ಔಷಧ ಹೋದದ್ದಕ್ಕೆ ಬಂದಿದ್ದರೆ ಸಾಕಿತ್ತು. 2019ರ ಒಂದೇ ವರ್ಷದಲ್ಲಿ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾದಿಂದಲೇ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರು ಎಂಬ ಅಂದಾಜನ್ನು ‘ಲ್ಯಾನ್ಸೆಟ್’ ಪತ್ರಿಕೆ 2022ರಲ್ಲಿ ಪ್ರಕಟಿಸಿತು.

ಈಗ ನಿಮ್ಮಲ್ಲಿ ನನ್ನ ಕೋರಿಕೆ. ಮಾತ್ರೆಯ ಸ್ಟ್ರಿಪ್ಪಿನ ಬೆನ್ನಿಗೆ ಉದ್ದಕ್ಕೊಂದು ಕೆಂಪು ಗೆರೆ ಇದ್ದರೆ ಅದು ಡಾಕ್ಟರ ಚೀಟಿ ಇಲ್ಲದೆ ಕೊಳ್ಳುವಂಥದ್ದಲ್ಲ. 2014ರ ಮಾರ್ಚ್ 1ರಿಂದ ಎಚ್1 ಎಂಬ ಪಟ್ಟಿಯ ಔಷಧ ಮಾರಿದರೆ ಬರೆದ ಡಾಕ್ಟರು ಯಾರು, ರೋಗಿ ಯಾರು, ಎಷ್ಟು ಕೊಟ್ಟೆ ಎಂದು ನಾನು ಪುಸ್ತಕದಲ್ಲಿ ಬರೆದು ಮೂರು ವರ್ಷ ಇಡಬೇಕು. ಚೀಟಿ ಕೇಳಿದಾಗ ‘ಎದುರಿನ ಅಂಗಡಿಯವನು ಕೊಡ್ತಾನೆ’ ಎನ್ನಬೇಡಿ. ಅವನು ಕೊಡುತ್ತಾನೆ ಎಂಬುದು ನನಗೂ ಗೊತ್ತು. ಆ ಮಾತಿಗೆ ಹೆದರಿಯೇ ನಾನೂ ಇಷ್ಟು ವರ್ಷ ಕೊಟ್ಟದ್ದು. ಡಾಕ್ಟರ ಹತ್ತಿರ ಹೋದಾಗ ‘ಇದು ಬ್ಯಾಕ್ಟೀರಿಯಾದ ಜ್ವರವಾ, ವೈರಸ್ಸಿಂದಾ? ಆಂಟಿಬಯೋಟಿಕ್ ಬೇಕೇ ಬೇಕಾ?’ ಎಂದು ಕೇಳಿ. ಕೇಳಿದರೆ ಸಿಟ್ಟಾಗುವ ಡಾಕ್ಟರಿಗಿಂತ, ಇಂಜೆಕ್ಷನ್ ಕೊಡದಿದ್ದರೆ ಸಿಟ್ಟಾಗುವ ರೋಗಿಗಳೇ ನಮ್ಮೂರಲ್ಲಿ ಜಾಸ್ತಿ. ಬರೆದರೆ ಬರೆದಷ್ಟು ದಿನ, ಬರೆದ ಹೊತ್ತಿಗೆ ನುಂಗಿ. ಎರಡು ದಿನಕ್ಕೆ ಸುಖವೆನಿಸಿತೆಂದು ಉಳಿದದ್ದನ್ನು ಅತ್ತಿಗೆಗೋ ಪಕ್ಕದ ಮನೆಯ ಹುಡುಗನಿಗೋ ದಾನ ಮಾಡಬೇಡಿ. ಫ್ಲೆಮಿಂಗ್ 1945ರ ಡಿಸೆಂಬರಿನ ನೊಬೆಲ್ ಭಾಷಣದಲ್ಲೇ ಈ ಅಪಾಯ ಹೇಳಿದ್ದ: ಗಂಟಲು ನೋವಿಗೆ ತಾನೇ ಪೆನಿಸಿಲಿನ್ ಕೊಂಡು ಅರೆಬರೆ ನುಂಗಿದವನು ತನ್ನಲ್ಲಿ ಬಗ್ಗದ ಬ್ಯಾಕ್ಟೀರಿಯಾ ಬೆಳೆಸಿ, ಅದನ್ನು ಹೆಂಡತಿಗೆ ಅಂಟಿಸಿ, ಅವಳ ಸಾವಿಗೆ ಕಾರಣನಾಗುವ ಕಥೆ. ಔಷಧ ಮಾರುಕಟ್ಟೆಗೆ ಬಂದು ಸರಿಯಾಗಿ ಕಾಲೂರುವ ಮೊದಲೇ ಹೇಳಿದ ಮಾತು.

ಹಸು ಸಾಕಿದವರಿಗೂ ಒಂದು ಮಾತು. ಕೆಚ್ಚಲು ಬಾವಿಗೆ ಇಂಜೆಕ್ಷನ್ ಕೊಟ್ಟ ಮೇಲೆ ಪಶುವೈದ್ಯರು ಹೇಳಿದಷ್ಟು ದಿನ ಆ ಹಾಲನ್ನು ಡೈರಿಗೆ ಹಾಕಬೇಡಿ, ಮಕ್ಕಳಿಗೂ ಕೊಡಬೇಡಿ. ಹಾಲಿನಲ್ಲಿ ಔಷಧ ಇಳಿಯುತ್ತದೆ. ಕೊನೆಯ ಅಸ್ತ್ರವೆಂದು ಆಸ್ಪತ್ರೆಗಳು ಇಟ್ಟುಕೊಂಡಿರುವ ಕೊಲಿಸ್ಟಿನ್ ಅನ್ನು ಕೋಳಿಗಳ ಮೇವಿಗೆ ಬೆರೆಸುತ್ತಿದ್ದ ದೇಶ ನಮ್ಮದು. 2019ರಲ್ಲಿ ಸರ್ಕಾರ ಅದನ್ನು ನಿಷೇಧಿಸಿತು.

ನನ್ನ ಕಸುಬಿನ ಬಂಧುಗಳೇ, ನಿಮಗೆ ಹೆಚ್ಚು ಹೇಳುವ ಮುಖ ನನಗಿಲ್ಲ. ಒಂದು ಸ್ಟ್ರಿಪ್ಪಿನಲ್ಲಿ ಉಳಿಯುವ ಕಾಸು ಎಷ್ಟೆಂದು ನಿಮಗೂ ಗೊತ್ತು, ನನಗೂ ಗೊತ್ತು. ಹೋದ ಯುಗಾದಿಯಿಂದ ನಾನು ಚೀಟಿಯಿಲ್ಲದೆ ಕೆಂಪು ಗೆರೆಯ ಮಾಲು ಕೊಡುತ್ತಿಲ್ಲ. ಗಿರಾಕಿ ಕಡಿಮೆಯಾದರು, ನಿಜ. ಅಂಗಡಿ ಮುಚ್ಚಿಲ್ಲ.

ಓದುಗರೇ, ಈ ಪತ್ರಿಕೆ ಕೆಳಗಿಟ್ಟು ನಿಮ್ಮ ಮನೆಯ ಔಷಧದ ಡಬ್ಬಿ ತೆಗೆಯಿರಿ. ಫ್ರಿಜ್ಜಿನ ಮೇಲಿರುವುದು, ದೇವರ ಕೋಣೆಯ ಗೂಡಿನಲ್ಲಿರುವುದು, ಎಲ್ಲವನ್ನೂ. ಅರ್ಧ ನುಂಗಿ ಉಳಿದ ಕೆಂಪು ಗೆರೆಯ ಸ್ಟ್ರಿಪ್ಪುಗಳಿದ್ದರೆ ತೆಗೆದು ಬದಿಗಿಡಿ, ಚರಂಡಿಗೆ ಮಾತ್ರ ಹಾಕಬೇಡಿ. ಮುಂದಿನ ಸಲ ಪೇಟೆಗೆ ಬರುವಾಗ ನಿಮ್ಮ ಔಷಧ ಅಂಗಡಿಗೋ ಆಸ್ಪತ್ರೆಗೋ ತಂದು, ಇದನ್ನು ಏನು ಮಾಡಲಿ ಎಂದು ಕೇಳಿ. ನನ್ನ ಅಂಗಡಿಗೆ ತಂದರೆ ನಾನು ತೆಗೆದುಕೊಳ್ಳುತ್ತೇನೆ.